ಮುಟ್ಟಿದ್ದು, ಮುಟ್ಟದ್ದು

ಕೆಲವು ವಿವರ ತಪ್ಪಿರಬಹುದು. ಮಳವಳ್ಳಿಗೆ ಬಂದ ದಿನ ಮಳೆ ಇತ್ತೋ ಬಿಸಿಲಿತ್ತೋ ಈಗ ಖಚಿತವಿಲ್ಲ. ಮಾತು ಮಾತ್ರ ನೆನಪಿದೆ. ಬಾಡಿಗೆ ಮನೆಯ ಹೊಸ್ತಿಲಲ್ಲಿ ಪೆಟ್ಟಿಗೆ ಇಳಿಸಿ, ಬಾದಾಮಿಯಲ್ಲಿರುವ ಅಕ್ಕನಿಗೆ ಫೋನು ಮಾಡಿ, "ಮುಟ್ಟೇನಿ ಅಕ್ಕಾ" ಎಂದೆ. ಊರು ತಲುಪಿದರೆ ನಮ್ಮ ಕಡೆ ಹೇಳುವುದೇ ಹಾಗಲ್ಲವೇ? ಮನೆಯೊಡತಿ ಜಯಮ್ಮ ಒಂದು ಹೆಜ್ಜೆ ಹಿಂದೆ ಸರಿದರು.

"ಮೊದ್ಲೇ ಯೋಳಾದಲ್ವೇನಮ್ಮ? ಬುಡು, ಆಲು ಉಕ್ಸದು ನಾಕು ದಿನ ಆದ್ಮೇಕೆ ಆಗ್ಲಿ."

ಇಲ್ಲಿ ಆ ಮಾತಿಗೆ ತಿಂಗಳ ಮುಟ್ಟಿನ ಅರ್ಥ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡಲು ಬಂದವಳು ನಾನು. ವಿವರಿಸಲು ನಾಚಿ, ಒಲೆ ಹಚ್ಚದೆ ಹೋಟೆಲಿನ ಇಡ್ಲಿ ತಿಂದೆ.

ಈಗ ಜಯಮ್ಮ ಕೊಡುವ ಮುದ್ದೆಯನ್ನು ಅಗಿಯದೆ ನುಂಗುತ್ತೇನೆ. ಅಲ್ಲಿ ರೊಟ್ಟಿ ಮುರಿಯುವಾಗ ಸದ್ದಾಗುತ್ತಿತ್ತು. ಇಲ್ಲಿ ಊಟಕ್ಕೆ ಸದ್ದೇ ಇಲ್ಲ. ಒಮ್ಮೆ ಫೋನಿನಲ್ಲಿ "ಬುಡಕ್ಕ" ಎಂದುಬಿಟ್ಟೆ. ಅಕ್ಕ ಬಹಳ ಹೊತ್ತು ನಕ್ಕಳು. ಅವಳು ಹಾಗೆ ನಕ್ಕಿದ್ದು ಅದೇ ಕೊನೆ ಇರಬೇಕು.

ಆಮೇಲೆ ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಹೋದವು. ಸೀರೆಗಳನ್ನು ಬೆರಳಲ್ಲೇ ಗುರುತಿಸುತ್ತಾಳೆ. ದಡಿಯ ಮೇಲೆ, ಇಲ್ಲಿಯವರು ಅಂಚು ಎನ್ನುತ್ತಾರೆ, ಹೆಬ್ಬೆರಳು ಎಳೆದು ಇದು ಮದುವೆಯದು, ಇದು ಅವ್ವನದು ಎನ್ನುತ್ತಾಳೆ. ತೀರಿಹೋದ ಅವ್ವನ ಆ ಇಳಕಲ್ ಸೀರೆ ಈಚೆಗೆ ಹರಿಯಿತು. ಅಂಥದ್ದೇ ಒಂದು ಕಳಿಸು ಎಂದಳು. ಅಲ್ಲೇ ಸಿಗುತ್ತದಲ್ಲ ಎಂದರೆ, "ನೀ ಆರಿಸವಾ. ನಿನಗ ಕಣ್ಣ ಅದಾವು" ಎಂದಳು.

ಮಂಡ್ಯದ ಅಂಗಡಿಗಳಲ್ಲಿ ರೇಷ್ಮೆ ಹರಡಿದರು, ಇಳಕಲ್ ಇರಲಿಲ್ಲ. ಕೊನೆಗೆ ಫೋನಿನಲ್ಲೇ ಹುಡುಕಿದೆ. ಎರಡು ಬೆರಳಿಂದ ಹಿಗ್ಗಿಸಿದರೆ ಎಳೆ ಎಳೆಯೂ ಕಾಣುತ್ತದೆ. ಬೆರಳಿಗೆ ತಾಗುವುದು ಗಾಜು. ಚಿತ್ರದ ಹೆಂಗಸಿನ ಭುಜದಿಂದ ಜಾರಿದ ಸೆರಗು ನೋಡಿ, ಬಟ್ಟೆ ಮೆತ್ತಗಿದೆ ಎಂದು ಕೈ ತಾನೇ ನಂಬಿಬಿಡುತ್ತದೆ. ಜಯಮ್ಮ ಇಣುಕಿದರು.

"ಬದ್ನೆಕಾಯ್ನೇ ಇಸುಕಿ ನೋಡಿ ತಗತೀವಿ. ಸೀರೆಯ ಮುಟ್ದೆಯೇ ತಗಂಡೀಯಾ? ಕಾಲೇಜಲ್ಲಿ ಇದ್ನೇ ಯೋಳ್ಕೊಡಾದಾ?"

ನಾನು ಹುಡುಕಿದ್ದು ಅವ್ವನ ಸೀರೆಯ ಬಣ್ಣ. ದಾಳಿಂಬೆ ಕೆಂಪು ಎಂದು ನೆನಪು; ಆ ನೆನಪನ್ನೂ ನಂಬಲಾರೆ. ಹಣ ಕಟ್ಟಿದ ಮೇಲೆ ಹೊಳೆಯಿತು, ಅಕ್ಕನಿಗೆ ಬಣ್ಣದಿಂದ ಏನಾಗಬೇಕಿತ್ತು? ಅವ್ವನ ದಡಿ ಬೆರಳಿಗೆ ಹೇಗಿತ್ತು ಎಂದು ನೆನೆಯಲು ಹೋದರೆ, ನನ್ನ ಕೈಗೆ ಏನೂ ಬರಲಿಲ್ಲ.

ನಿನ್ನೆ ಕೊರಿಯರಿನವರಿಂದ ಫೋನಿಗೆ ಚಿತ್ರ ಬಂತು: ತಲುಪಿದೆ. ಅಕ್ಕನ ಹೊಸ್ತಿಲ ಮೇಲೆ ಪೊಟ್ಟಣ. ಚಿತ್ರದ ಅಂಚಿನಲ್ಲಿ ಅವಳ ಬೆರಳುಗಳು, ಇನ್ನೂ ತಾಗಿಲ್ಲ.

ಸಂಜೆ ಫೋನು ಮಾಡಿದೆ. ಎತ್ತಿದಳು. ಕೇಳಿಸಿದ್ದು ಬಟ್ಟೆಯ ಮೇಲೆ ಬೆರಳು ಸರಿಯುವ ಸದ್ದು. ಸರಿದು ನಿಂತಿತು. ಮತ್ತೆ ಮೊದಲಿಂದ ಸರಿಯಿತು. ಆಗ ನಾನು ಕೇಳಿದ ಪ್ರಶ್ನೆ ತಲುಪಿತೇ ಎಂಬ ನಮ್ಮೂರ ಅರ್ಥದಲ್ಲೋ, ಕೈಗೆ ತಾಗಿತೇ ಎಂಬ ಜಯಮ್ಮನ ಅರ್ಥದಲ್ಲೋ, ನನಗೇ ತಿಳಿಯದು.

"ಅಕ್ಕಾ, ಮುಟ್ಟೇತೇನು?"