ಅರಿಶಿನದ ಕಾಗದಕ್ಕೆ ತಾಗಿದ ಸುಣ್ಣ

ಆಗೆಲ್ಲ ನಮ್ಮ ಬೆಳಂಬಾರದಲ್ಲಿ ಹುಳಿಯನ್ನು ಹುಳಿ ಅಂತಲೇ ಕರೆಯುತ್ತಿದ್ದೆವು, ಆಮ್ಲ ಎಂಬ ಹೆಸರು ಪರೀಕ್ಷೆಗೆ ಮಾತ್ರ. ಬಿಂಬಲಿ, ಮುರುಗಲು, ಎಳೆ ಮಾವು ಎಲ್ಲವನ್ನೂ ಉಪ್ಪು ಮುಟ್ಟಿಸಿ ತಿಂದು ಹಲ್ಲು ಜುಮ್ಮೆನ್ನಿಸಿಕೊಳ್ಳುತ್ತಿದ್ದೆವು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಎಂಟನೇ ತರಗತಿಗೆ ನಾನೇ ಮೊದಲು, ಸರ್ ಡಸ್ಟರ್ ಕೊಡುತ್ತಿದ್ದದ್ದೂ ನನಗೇ.

ಅಷ್ಟರಲ್ಲಿ ವಿದ್ಯಾ ಬಂದಳು. ಅವಳ ಅಪ್ಪನಿಗೆ ಕೈಗಾದಲ್ಲಿ ನೌಕರಿ. ಅಮ್ಮ ಬಾಣಂತನಕ್ಕೆ ನಮ್ಮೂರ ತವರಿಗೆ ಬಂದದ್ದರಿಂದ ಒಂದು ವರ್ಷದ ಮಟ್ಟಿಗೆ ನಮ್ಮ ಶಾಲೆ. ಅವಳ ಕಂಪಾಸಿನಲ್ಲಿ ಲಿಟ್ಮಸ್ ಕಾಗದದ ಎರಡು ಪುಟ್ಟ ಪುಸ್ತಕಗಳಿದ್ದವು. ಲಿಂಬೆಹುಳಿಗೆ ನೀಲಿ ಕೆಂಪಾಗುತ್ತಿತ್ತು, ಸಾಬೂನು ನೀರಿಗೆ ಕೆಂಪು ನೀಲಿಯಾಗುತ್ತಿತ್ತು. ಇಡೀ ತರಗತಿ ಅವಳ ಬೆಂಚಿಗೆ ಮುತ್ತಿತು. ನಾನು ಡಸ್ಟರ್ ಹಿಡಿದು, ಒರೆಸಿದ ಬೋರ್ಡನ್ನೇ ಮತ್ತೆ ಒರೆಸಿದೆ.

"ಅಂಕೋಲಾದ ವಿಜ್ಞಾನ ಪ್ರದರ್ಶನಕ್ಕೆ ಒಬ್ಬರೇ ಹೋಗೂದು. ನೀನೂ ವಿದ್ಯಾನೂ ಶನಿವಾರ ಆಮ್ಲ, ಪ್ರತ್ಯಾಮ್ಲ ಗುರುತಿಸಿ ತೋರ್ಸಿ," ಎಂದರು ಸರ್.

ಮನೆಯಲ್ಲಿ ಮುಖ ಊದಿಸಿ ಕೂತೆ. ಎಲೆ ಅಡಿಕೆಯ ಕವಳ ಹಾಕುತ್ತಿದ್ದ ಅಜ್ಜಿ, "ಎಂತಾಯ್ತೇ?" ಎಂದಳು.

"ಅವಳತ್ರ ಬಣ್ಣ ಬದಲಾಗೂ ಕಾಗದ ಅದೆ."

"ಅದಕ್ಕೆ ಕೈಗಾದಿಂದ ಬರೂದು ಯಾಕೆ? ಅರಿಶಿನಕ್ಕೆ ಸುಣ್ಣ ತಾಗಿದ್ರೆ ಓಕುಳಿ ಆಗೂದಿಲ್ವೇನೆ?"

ಹೌದಲ್ಲ! ಆರತಿ ತಟ್ಟೆಯ ಕೆಂಪು ನೀರು ಎಷ್ಟು ಸಲ ಕಂಡಿರಲಿಲ್ಲ! ನೋಟ್‌ಬುಕ್ಕಿನ ಹಾಳೆಗೆ ಅರಿಶಿನ ಬಳಿದು ಒಣಗಿಸಿದೆ. ಸಾಬೂನು ನೀರಿಗೆ ಕೆಂಪಾಯಿತು. ಆದರೆ ಲಿಂಬೆ ಹಿಂಡಿದರೂ ಹಳದಿ ಹಳದಿಯೇ. ಪ್ರತ್ಯಾಮ್ಲ ಒಂದನ್ನೇ ಹೇಳುವ ನನ್ನ ಕಾಗದ ಎರಡನ್ನೂ ಹೇಳುವ ವಿದ್ಯಾಳ ಕಾಗದದ ಮುಂದೆ ಸೋಲುವುದು ಖಂಡಿತವಿತ್ತು.

ಶನಿವಾರ ಅಜ್ಜಿಯ ಕವಳದ ತಟ್ಟೆಯಿಂದ ಒಂದಿಷ್ಟು ಸುಣ್ಣವನ್ನು, ಬೆಳಚೆಂಬ ಕಪ್ಪೆಚಿಪ್ಪು ಸುಟ್ಟು ಮಾಡಿದ್ದನ್ನು, ಎಲೆಯಲ್ಲಿ ಕಟ್ಟಿಕೊಂಡು ಹೋದೆ. ಎಲ್ಲರೂ ಪ್ರಾರ್ಥನೆಗೆ ಹೋದಾಗ ಹಿಂದುಳಿದು, ಅವಳ ಕೆಂಪು ಕಾಗದಗಳಿಗೆಲ್ಲ ಸವರಿದೆ. ನೋಡನೋಡುತ್ತ ನೀಲಿಯಾದವು. ಬೆರಳನ್ನು ಲಂಗಕ್ಕೆ ಒರೆಸಿಕೊಂಡೆ.

ಸರ್ ಕರೆದಾಗ ಕೆಂಪು ಕಾಗದದ ಪುಸ್ತಕ ಬಿಚ್ಚಿದ ವಿದ್ಯಾಳ ಮುಖ ಬಾಡಿತು. "ಹಳೇದಾಗಿ ಕೆಟ್ಟಿರ್ಬೇಕು, ಕೂತ್ಕೊ," ಎಂದ ಸರ್ ನನ್ನನ್ನು ಕರೆದರು. ಮೇಜಿನ ಬಳಿ ಹೋಗಿ ಅರಿಶಿನದ ಕಾಗದ ಎತ್ತಿ ಹಿಡಿದೆ. ಸಾಬೂನು ನೀರು ಮುಟ್ಟುವ ಮೊದಲೇ, ಬೆವೆತ ಹೆಬ್ಬೆರಳ ಅಡಿಯಲ್ಲಿ ಹಾಳೆ ಕೆಂಪಾಗಿಬಿಟ್ಟಿತು. ಕುಂಬಳಕಾಯಿ ಕಳ್ಳನ ಹೆಗಲ ಬೂದಿಯೂ ಇಷ್ಟು ಸ್ಪಷ್ಟವಾಗಿ ಕಂಡಿರಲಿಕ್ಕಿಲ್ಲ.

ಸರ್ ಹಾಜರಿ ಪುಸ್ತಕ ನೋಡುತ್ತಿದ್ದರು. ಮೊದಲ ಬೆಂಚಿನ ವಿದ್ಯಾ ನನ್ನ ಹೆಬ್ಬೆರಳು ನೋಡಿದಳು, ತನ್ನ ನೀಲಿ ಕಾಗದ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಈಗ ಎದ್ದು ಹೇಳುತ್ತಾಳೆ ಅಂದುಕೊಂಡೆ. ಅವಳು ಎದ್ದದ್ದೂ ಹೌದು. ಹತ್ತಿರ ಬಂದು ನನಗೊಬ್ಬಳಿಗೇ ಕೇಳುವಂತೆ, "ಕೈ ತೊಳ್ಕೊಂಡು ಬಾ. ಬೇರೆ ಕಾಗದ ತಗೋ," ಎಂದಳು.

ಅಂಕೋಲಾಕ್ಕೆ ನಾನೇ ಹೋದೆ. ಬಹುಮಾನವೂ ಬಂತು. ಶಾಲೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ವಿದ್ಯಾ, ಅದಕ್ಕೂ ನನಗೆ ಉರಿಯಿತು. ಮಾರ್ಚ್ ಮುಗಿದ ಮೇಲೆ ಅಮ್ಮ, ತಮ್ಮನ ಜೊತೆ ಕೈಗಾಕ್ಕೆ ಹೋದವಳನ್ನು ಮತ್ತೆ ಕಾಣಲಿಲ್ಲ. ತಪ್ಪಾಯಿತು ಅಂತ ಹೇಳಲೂ ಇಲ್ಲ.

ಈಗ ಕಾರವಾರದ ಕಚೇರಿಯೊಂದರಲ್ಲಿ ನನ್ನ ಕೈಕೆಳಗೆ ನಾಲ್ಕು ಜನ ಇದ್ದಾರೆ. ಮೊನ್ನೆ ಹೊಸ ಹುಡುಗಿಯ ತಪ್ಪೊಂದನ್ನು ಎಲ್ಲರೆದುರು ಎತ್ತಿ ಆಡಿದೆ. ಅವಳು ತಲೆ ತಗ್ಗಿಸಿ ನಿಂತಾಗ ವಿದ್ಯಾ ನೆನಪಾದಳು. ಇಂದಿಗೂ ಅವಳನ್ನು ನೆನೆದರೆ ಹೊಟ್ಟೆಕಿಚ್ಚು. ಹದಿಮೂರು ವರ್ಷಕ್ಕೇ ಅವಳಿಗೆ ಬಂದದ್ದು ನನಗೆ ಇನ್ನೂ ಬಂದಿಲ್ಲ.