ಅವ್ವನ ಬೆರಳು, ನನ್ನ ಎರಡು ಕೋಟು

ಏನು ಓದುತ್ತಿದ್ದೀಯ ಅಂತ ಹುಣಸೂರು ಬಸ್ಸಿನಲ್ಲಿ ಯಾರಾದರೂ ಕೇಳಿದರೆ ನನಗೆ ಈಗಲೂ ಕೋಪ ಮೂಗಿನ ತುದಿಗೆ ಬರುತ್ತದೆ. ಬಿಎಸ್ಸಿ ಎಲ್‌ಎಲ್‌ಬಿ ಅಂದರೆ, "ಯಾವ್ದಾದ್ರೂ ಒಂದು ಏಳವ್ವ" ಅನ್ನುತ್ತಾರೆ. ಎರಡೂ ಸೇರಿ ಒಂದೇ ಡಿಗ್ರಿ, ಐದು ವರ್ಷ, ಬೆಳಿಗ್ಗೆ ಲ್ಯಾಬು, ಮಧ್ಯಾಹ್ನ ಕಾನೂನು ಅಂತ ಬಿಡಿಸಿ ಹೇಳಿದರೆ ಮುಖ ಸಣ್ಣಗೆ ಮಾಡಿಕೊಂಡು, "ಓ, ಡಾಕ್ಟ್ರು ಸೀಟು ಸಿಗ್ನಿಲ್ವಾ?" ಅನ್ನುತ್ತಾರೆ. ನಾನು ಆ ಪರೀಕ್ಷೆ ಬರೆದೇ ಇಲ್ಲ. ಅದನ್ನು ಎಷ್ಟು ಜನಕ್ಕೆ ಹೇಳಲಿ? ಒಂದು ಸಲ ಕೆ.ಆರ್. ನಗರದ ಕಡೆಯ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಬಿಳಿಕೆರೆ ದಾಟುವವರೆಗೂ ನನಗೆ ಸಮಾಧಾನ ಹೇಳಿದರು. ನನಗೆ ಯಾವ ದುಃಖವೂ ಇರಲಿಲ್ಲ. ಅವರ ಸಮಾಧಾನ ಕೇಳಿ ಕೇಳಿ ದುಃಖ ಬಂತು.

ನನ್ನ ಬ್ಯಾಗಿನಲ್ಲಿ ಎರಡು ಕೋಟು ಇರುತ್ತಿದ್ದವು. ಲ್ಯಾಬಿಗೆ ಬಿಳಿಯದು, ಅಣಕು ನ್ಯಾಯಾಲಯಕ್ಕೆ ಕರಿಯದು. ಬಿಳಿಯದಕ್ಕೆ ಆಸಿಡ್ ಬಿದ್ದು ತೂತಾಗಿತ್ತು, ಕರಿಯದಕ್ಕೆ ಬಸ್ಸಿನ ಧೂಳು. ಮೈಸೂರಿನ ಕಾಲೇಜಿನಲ್ಲಿ ವಿಜ್ಞಾನದ ಮೇಷ್ಟ್ರುಗಳು ನಮ್ಮನ್ನು "ಆ ಲಾ ಹುಡುಗರು" ಅನ್ನುತ್ತಿದ್ದರು, ಕಾನೂನಿನ ಮೇಷ್ಟ್ರುಗಳು "ಆ ಸೈನ್ಸ್ ಹುಡುಗರು" ಅನ್ನುತ್ತಿದ್ದರು. ಎರಡು ಮನೆಯಲ್ಲೂ ನೆಂಟರು ನಾವು. ಊಟ ಹಾಕುತ್ತಾರೆ, ಯಾವಾಗ ಹೊರಡುತ್ತೀರಿ ಅಂತಲೂ ಕೇಳುತ್ತಾರೆ.

ಊರಿನಲ್ಲಿ ಮಾತ್ರ ಈ ಡಿಗ್ರಿಯ ಅರ್ಧ ಎಲ್ಲರಿಗೂ ಇಷ್ಟ, ಇನ್ನರ್ಧ ಯಾರಿಗೂ ಬೇಡ. ನಮ್ಮೂರು ಗಾವಡಗೆರೆ ಹತ್ತಿರ. ಹೊಗೆಸೊಪ್ಪಿನ ಬೇಸಾಯ. ಪಿರಿಯಾಪಟ್ಟಣದ ಕಡೆಯಿಂದ ನನ್ನ ಮಾವ, ಅಂದರೆ ಅವ್ವನ ಒಬ್ಬನೇ ತಮ್ಮ, ಬಂದಾಗಲೆಲ್ಲ ಅದನ್ನೇ ಹೇಳುತ್ತಿದ್ದ. "ಬಿಳಿ ಕೋಟು ಒಳ್ಳೇದು ಕಣವ್ವ. ಕರಿ ಕೋಟು ಬುಡು. ಸೈನ್ಸ್ ಓದ್ದೋಳು ಟೀಚರಾಗಿ ತಣ್ಣಗಿರ್ತಾಳೆ. ಲಾ ಓದ್ದೋಳು ಮನೆ ಒಡೀತಾಳೆ." ನಗುತ್ತಲೇ ಹೇಳುತ್ತಿದ್ದ. ನಾನೂ ನಗುತ್ತಿದ್ದೆ. ಆಮೇಲೆ ಗೊತ್ತಾಯಿತು, ಅವನು ತಮಾಷೆ ಮಾಡುತ್ತಿರಲಿಲ್ಲ.

ಮೂರನೇ ವರ್ಷದಲ್ಲಿ ನಮಗೆ ಬೆರಳಚ್ಚಿನ ಪ್ರಾಕ್ಟಿಕಲ್ ಇತ್ತು. ಯಾರಾದರೊಬ್ಬರ ಹತ್ತೂ ಬೆರಳಿಗೆ ಮಸಿ ಹಚ್ಚಿ, ಹಾಳೆಯ ಮೇಲೆ ಉರುಳಿಸಿ, ಗೆರೆಗಳನ್ನು ಎಣಿಸಿ ರೆಕಾರ್ಡಿನಲ್ಲಿ ಅಂಟಿಸಬೇಕು. ನಾನು ಭಾನುವಾರ ಊರಿಗೆ ಹೋದಾಗ ಅವ್ವನ ಬೆರಳು ತೆಗೆದುಕೊಂಡೆ. ಸೊಪ್ಪು ಮುರಿಯುವ ಕಾಲ. ಬೆಳಗಿನಿಂದ ಹಸಿ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬಿಸಿಯಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್ ಗೂಡಿಗೆ ಏರಿಸಬೇಕು. ಅದರ ಅಂಟು ಕೈಗೆ ಹತ್ತಿ ಕಪ್ಪಾಗಿ ಕೂರುತ್ತದೆ, ಸೋಪಿಗೂ ಹೋಗುವುದಿಲ್ಲ. ಅವ್ವ ಅದನ್ನು ಕಲ್ಲಿಗೆ ಉಜ್ಜಿ ಉಜ್ಜಿ ತೆಗೆಯುತ್ತಾಳೆ. ಇಪ್ಪತ್ತೈದು ವರ್ಷ ಹಾಗೆ ಉಜ್ಜಿದರೆ ಬೆರಳಿನ ಗೆರೆ ಎಲ್ಲಿ ಉಳಿಯುತ್ತದೆ? ಹಾಳೆಯ ಮೇಲೆ ಹತ್ತು ಕಪ್ಪು ಮಚ್ಚೆ ಬಂದವು, ಅಷ್ಟೇ.

ಮೇಷ್ಟ್ರು ಹಾಳೆಯ ಮೇಲೆ ಅಡ್ಡಲಾಗಿ ಕೆಂಪು ಗೆರೆ ಎಳೆದರು. "ಇದನ್ನ ಓದೋಕಾಗಲ್ಲಮ್ಮ. ಬೇರೆಯವರದ್ದು ತಗೊಂಡು ಬಾ." ಅಂತರಸಂತೆಯ ಗೆಳತಿಯೊಬ್ಬಳು, ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು, ತನ್ನ ಬೆರಳು ಚಾಚಿದಳು. "ತಗಳೆ, ನಂದು ಪಟ್ಟು ಅಂತ ಬತ್ತದೆ." ನಿಜ, ಅವಳದು ಚೆನ್ನಾಗಿ ಬರುತ್ತಿತ್ತು. ನಾನು ಒಲ್ಲೆ ಅಂದೆ. ಮುಂದಿನ ವಾರ ಮತ್ತೆ ಅವ್ವನದೇ ಹತ್ತು ಬೆರಳು ತಂದು ಅಂಟಿಸಿ, ಕೆಳಗೆ ಒಂದು ಪುಟ ಬರೆದೆ. ಇವು ಓದಲು ಬಾರದಿರುವುದಕ್ಕೆ ಕಾರಣ ಏನು, ಅಂಟಿನಲ್ಲಿ ಏನೇನಿದೆ, ಚರ್ಮದ ಮೇಲ್ಪದರ ಹೇಗೆ ಸವೆಯುತ್ತದೆ, ಕೆಲಸ ಬಿಟ್ಟರೆ ಎಷ್ಟು ದಿನಕ್ಕೆ ಗೆರೆ ಮತ್ತೆ ಮೂಡೀತು, ಕೆಲಸ ಬಿಡದವರಿಗೆ ಯಾಕೆ ಮೂಡುವುದಿಲ್ಲ. ಕೊನೆಯಲ್ಲಿ, "ಇದು ಈ ಬೆರಳುಗಳ ದೋಷವಲ್ಲ" ಅಂತ ಬರೆದೆ. ಮೇಷ್ಟ್ರು ಓದಿ ಅಂಕ ಕತ್ತರಿಸಿದರು. ಪಕ್ಕದಲ್ಲಿ ಸಣ್ಣಗೆ "ಕಾರಣ ಸರಿಯಿದೆ" ಅಂತಲೂ ಬರೆದರು. ಅಂಕ ಹೋದದ್ದಕ್ಕೆ ನನಗೆ ಒಂದಿಷ್ಟೂ ಬೇಸರವಾಗಲಿಲ್ಲ.

ಆ ಕಾಲದಲ್ಲೇ ಮಾವ ಕಾಗದ ಹಿಡಿದುಕೊಂಡು ಬಂದ. ತಾತ, ಅಂದರೆ ಅವ್ವನ ಅಪ್ಪ, ತೀರಿಕೊಂಡು ವರ್ಷವಾಗಿತ್ತು. ಕೆರೆ ಕೆಳಗಿನ ಮೂರು ಎಕರೆ ಗದ್ದೆಯನ್ನು ಪೂರ್ತಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ಅದಕ್ಕೆ ಅವ್ವ ತನ್ನ ಪಾಲು ಬಿಟ್ಟುಕೊಟ್ಟೆ ಅಂತ ನೋಂದಣಿ ಮಾಡಿಸಬೇಕು. ಕಾನೂನಿನಲ್ಲಿ ಅದು ಹಕ್ಕು ಬಿಡುಗಡೆ ಪತ್ರ. ನಮ್ಮ ಕಡೆ ಯಾರೂ ಹಾಗನ್ನುವುದಿಲ್ಲ. "ಅರಿಶಿನ ಕುಂಕುಮಕ್ಕೆ ಬರೆದುಕೊಡೋದು" ಅನ್ನುತ್ತಾರೆ. ಹೆಣ್ಣುಮಗಳು ಪಾಲು ಬಿಡಬೇಕು, ಅಣ್ಣತಮ್ಮಂದಿರು ಸಾಯುವತನಕ ಅವಳಿಗೆ ಅರಿಶಿನ ಕುಂಕುಮ ಕೊಟ್ಟು ಕರೆದು ಕಳಿಸಬೇಕು. ಎಂಥ ಮೆತ್ತಗಿನ ಮಾತು ನೋಡಿ. ಗದ್ದೆ ಹೋಗುವ ಸದ್ದೇ ಅದರಲ್ಲಿ ಕೇಳುವುದಿಲ್ಲ.

ನಾನು ಮನೆಯಲ್ಲಿ ಹಾರಾಡಿದೆ. ಮಗಳಿಗೂ ಮಗನಷ್ಟೇ ಪಾಲು, ಹುಟ್ಟಿದಾಗಿನಿಂದ ಬಂದದ್ದು, ಯಾರೂ ದಾನ ಕೊಡುತ್ತಿಲ್ಲ ಅಂದೆ. ಅಪ್ಪ, "ಅದು ನಿಮ್ಮವ್ವನ ತವರಿನ್ ವಿಷ್ಯ, ನಾನು ಬಾಯಾಕಾಕಿಲ್ಲ" ಅಂತ ಎದ್ದು ಹೋದ. ಅವ್ವ ಎಲೆ ಕಟ್ಟುತ್ತ ಕೂತಿದ್ದವಳು ತಲೆ ಎತ್ತಲಿಲ್ಲ.

"ನಂಗೆ ತವರು ಬೇಕು ಕಣೆ" ಅಂದಳು. "ಅವನ್ನ ಸೊಂಟದ್ ಮೇಲೆ ಒತ್ಕೊಂಡು ಬೆಳೆಸಿವ್ನಿ. ಗದ್ದೆ ತಕ್ಕೊಂಡು ಅವನ್ ಮುಕ ನೋಡ್ದಂಗಾದ್ರೆ ನಾನೇನ್ ಮಾಡ್ಲಿ?"

ನೋಂದಣಿಗೆ ಹೊರಟ ದಿನ ಅವ್ವ ನನ್ನಿಂದ ಮಾತು ತೆಗೆದುಕೊಂಡಳು. "ಅಲ್ಲಿ ನಿನ್ ಲಾ ತೆಗೀಬ್ಯಾಡ. ಬಾಯಿ ಬಿಟ್ರೆ ನನ್ನಾಣೆ." ಆಗಲಿ ಅಂದೆ. ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಕೂತೆ.

ನೋಂದಣಿ ಕಚೇರಿಯ ಮುಂದೆ ಮಾವ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. ಕಾಗದ ಆಗಲೇ ಟೈಪಾಗಿತ್ತು. ನನ್ನನ್ನು ನೋಡಿ ಅವನಿಗೆ ಒಂದು ಉಪಾಯ ಹೊಳೆಯಿತು. "ನೀನೇ ಒಂದು ಸಾಕ್ಷಿ ಆಕ್ಬುಡವ್ವ. ಲಾ ಓದ್ತಿದ್ದೀಯ, ನಾಳೆ ಯಾರೂ ಕ್ಯಾತೆ ತೆಗಿಯಂಗಿಲ್ಲ." ಪೆನ್ನನ್ನು ಕೈಗೇ ಇಟ್ಟ. ಬಾಯಿ ಬಿಡಬೇಡ ಅಂತ ಅವ್ವ ಆಣೆ ಹಾಕಿಸಿಕೊಂಡಿದ್ದಳು, ಸಹಿ ಹಾಕು ಅಂತ ಹೇಳಿರಲಿಲ್ಲ. ನಾನು ಪೆನ್ನಿಗೆ ಕ್ಯಾಪು ಹಾಕಿ ಅವನ ಅಂಗಿಯ ಜೇಬಿಗೆ ಸಿಕ್ಕಿಸಿದೆ. ಅವನ ಮುಖ ಕೆಂಪಾಯಿತು. ಇನ್ಯಾರನ್ನೋ ಕರೆದುಕೊಂಡು ಬಂದು ಸಾಕ್ಷಿ ಹಾಕಿಸಿದ.

ಒಳಗೆ ಅವ್ವನ ಫೋಟೋ ತೆಗೆದರು. ಆಮೇಲೆ ಬೆರಳಚ್ಚಿನ ಯಂತ್ರ. ಅವ್ವ ಹೆಬ್ಬೆಟ್ಟು ಇಟ್ಟಳು, ಕೆಂಪು ದೀಪ. ಇನ್ನೊಂದು ಸಲ, ಕೆಂಪು ದೀಪ. ರೇಷನ್ ಅಂಗಡಿಯಲ್ಲೂ ಅವಳಿಗೆ ಇದೇ ಪಾಡಾದ್ದರಿಂದ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಗುಮಾಸ್ತರು ಒಳ್ಳೆಯವರು. "ಹೊಗೆಸೊಪ್ಪಿನ ಕೈಯೇನಮ್ಮ? ಹೊರಗಡೆ ನಲ್ಲಿ ಇದೆ, ಉಜ್ಜಿ ತೊಳ್ಕೊಂಡು ಬನ್ನಿ. ಆಗ್ಲೂ ಬರ್ಲಿಲ್ಲ ಅಂದ್ರೆ ಮಸಿಯಲ್ಲಿ ಒತ್ತಿಸ್ಕೋತೀವಿ" ಅಂದರು. ನನ್ನ ರೆಕಾರ್ಡಿನ ಮೇಷ್ಟ್ರನ್ನು ಇಲ್ಲಿಗೆ ಕರೆತರಬೇಕು ಅನ್ನಿಸಿತು.

ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಅವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಕೂತಳು. ಮಾವ ಟೀ ತರಲು ಹೋಗಿದ್ದ. ಕಾಗದದ ಜೆರಾಕ್ಸು ನನ್ನ ಕೈಯಲ್ಲಿತ್ತು.

"ಅದ್ರಾಗೆ ಏನ್ ಬರ್ದವ್ರೆ, ಓದು."

"ಬಾಯಿ ಬಿಡಬ್ಯಾಡ ಅಂತ ನೀನೇ ಅಂದಿದ್ದೆ."

"ಓದು ಅಂದೆ. ಲಾ ಏಳು ಅನ್ನಲಿಲ್ಲ."

ಓದಿದೆ. ಸದರಿ ಸ್ವತ್ತು, ಚಕ್ಕುಬಂದಿ, ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ಇಂಥವರ ಜಮೀನು. ಇಂದಿನಿಂದ ಸದರಿ ಸ್ವತ್ತಿನಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು, ಬಾಧ್ಯತೆ, ಸಂಬಂಧ ಇರುವುದಿಲ್ಲ.

ಅವ್ವ ಕೈ ಒರೆಸುವುದನ್ನು ನಿಲ್ಲಿಸಿದಳು. "ಏನಂದೆ? ಸಂಬಂದ ಇರಾಕಿಲ್ಲ ಅಂತ ಬರ್ದದಾ?"

ಇಲ್ಲಿ ನಾನು ಸುಮ್ಮನಿರಬಹುದಿತ್ತು. ನನಗೆ ಬೇಕಾಗಿದ್ದೂ ಅದೇ. ಆದರೆ ಅವ್ವ ತಪ್ಪು ತಿಳಿದು ಗೆಲ್ಲುವುದು ನನಗೆ ಬೇಕಿರಲಿಲ್ಲ. ಅಷ್ಟು ಓದು ಓದಿ ನಮ್ಮವ್ವನಿಗೇ ಮೋಸ ಮಾಡುವುದಾದರೆ ಎರಡೂ ಕೋಟು ಬೆಂಕಿಗೆ ಹಾಕಬೇಕು. "ಅದು ಜಮೀನಿನ ಸಂಬಂಧ ಕಣವ್ವ. ಮಾವನ ಜೊತೆ ಇರೋದಲ್ಲ. ಎಲ್ಲಾ ಪತ್ರದಲ್ಲೂ ಹಂಗೇ ಬರೀತಾರೆ" ಅಂದೆ.

ಅವ್ವ ಜೆರಾಕ್ಸನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿದಳು. "ಆ ಗದ್ದೆನಾಗೆ ನಮ್ಮಪ್ಪ ಅವ್ನೆ. ಅಲ್ಲೇ ಮಣ್ಣು ಮಾಡಿರೋದು. ಗದ್ದೆ ಬ್ಯಾರೆ, ನಮ್ಮಪ್ಪ ಬ್ಯಾರೆ ಅಂತ ಯಾವಾಗಾಯ್ತು?"

ನಾನು ಮೂರು ವರ್ಷ ಓದಿದ ಕಾನೂನಿನಲ್ಲಿ ಈ ಪ್ರಶ್ನೆ ಇರಲಿಲ್ಲ. ಮಾವ ತಂದ ಟೀ ಕುಡಿಯದೆ ಅವಳು ಎದ್ದಳು.

ಒಳಗೆ ಅಧಿಕಾರಿಯ ಮುಂದೆ ಹೋದೆವು. ಅವರು ಎಲ್ಲರನ್ನೂ ಕೇಳುವಂತೆ ಕಾಗದದಿಂದ ಕಣ್ಣೆತ್ತದೆ ಕೇಳಿದರು. "ಸ್ವಇಚ್ಛೆಯಿಂದ ಬರ್ಕೊಡ್ತಿದ್ದೀರ ತಾನೆ? ಯಾರ ಒತ್ತಾಯವೂ ಇಲ್ಲ ಅಲ್ವಾ?" ಗುಮಾಸ್ತರು ಮಸಿಯ ಪ್ಯಾಡನ್ನು ಮುಂದೆ ತಳ್ಳಿದರು.

"ಒತ್ತಾಯ ಇಲ್ವಾ ಸಾಮಿ?" ಅವ್ವ ಕೇಳಿದಳು.

"ಇರಬಾರದಮ್ಮ. ಅದಕ್ಕೇ ಕೇಳ್ತಿರೋದು."

"ಅಂಗಾದ್ರೆ ನಾನು ಒತ್ತಾಕಿಲ್ಲ."

ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ಅಧಿಕಾರಿ ಆಗ ತಲೆ ಎತ್ತಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾವ, "ಅಕ್ಕ, ಬೆರಳು ಬರ್ದೇ ಇದ್ರೂ ನಡೀತದಂತೆ, ಸುಮ್ನೆ ಮಸೀಲಿ ಒತ್ತು" ಅಂತ ಮೆಲ್ಲಗೆ ಅಂದ. ಅವನಿಗೆ ಇನ್ನೂ ಬೆರಳಿನದೇ ತೊಂದರೆ ಅನ್ನಿಸಿತ್ತು.

"ಬೆರಳು ಬತ್ತದೆ ಕಣಪ್ಪ. ನಾನು ಬರಾಕಿಲ್ಲ."

ಹೊರಗೆ ಬಂದ ಮೇಲೆ ಮಾವ ಅವ್ವನಿಗೆ ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಿದ. "ನಿನ್ನ ಲಾ ಓದ್ಸಿದ್ದು ಇದ್ಕೇ ಅಲ್ವಾ? ಅಕ್ಕನ ತಲೆ ಕೆಡ್ಸಿದ್ದು ನೀನೆ." ಬೈಕು ಹತ್ತಿ ಹೊರಟುಹೋದ. ಬಸ್ ಸ್ಟಾಂಡಿನವರೆಗೂ ಬಿಡಲಿಲ್ಲ. ಬಿಸಿಲಿನಲ್ಲಿ ನಡೆದೆವು. ಎರಡೂ ಕಡೆಯ ನೆಂಟರಿಗೆ ಈಗಲೂ ಅದೇ ಕತೆ: ಹುಡುಗಿ ಕರಿ ಕೋಟು ಹಾಕಿಕೊಂಡು ತವರು ಒಡೆದಳು. ಆ ಆಪಾದನೆ ನಿಜವಾಗಿದ್ದರೆ ನಾನು ಎದೆ ಸೆಟೆಸಿಕೊಂಡು ಓಡಾಡುತ್ತಿದ್ದೆ. ನಾನು ಮಾಡಿದ್ದು ಓದಿ ಹೇಳಿದ್ದಷ್ಟೇ. ಆದರೂ ಯಾರಿಗೂ ಅಲ್ಲ ಅಂದಿಲ್ಲ, ಅನ್ನುವುದೂ ಇಲ್ಲ. ಬೈಗುಳ ನನ್ನ ಮೇಲೆ ಬಿದ್ದರೆ ಅವ್ವನ ಮೇಲೆ ಕಡಿಮೆ ಬೀಳುತ್ತದೆ.

ಮುಂದಿನ ತಿಂಗಳು ಗೌರಿ ಹಬ್ಬ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪದೆ ಅವ್ವನಿಗೆ ತವರಿನಿಂದ ಮೊರದ ಬಾಗಿನ ಬರುತ್ತಿತ್ತು. ಆ ವರ್ಷ ಬರಲಿಲ್ಲ. ಹಬ್ಬದ ಹಿಂದಿನ ದಿನ ಪಕ್ಕದ ಮನೆಯಾಕೆ ಬಂದು, "ಪಾಪ, ತವರು ಮುಚ್ಚೋಯ್ತಲ್ಲವ್ವ" ಅಂತ ಕನಿಕರದಿಂದ ಅಂದಳು. ಅವ್ವ ಆಕೆಗೆ ಕುಂಕುಮ ಕೊಟ್ಟು ಕಳಿಸಿದಳು. ಆಕೆ ಹೋದ ಮೇಲೆ ನನ್ನ ಮುಂದೆ ಮುಚ್ಚುಮರೆಯಿಲ್ಲದೆ ಅತ್ತಳು. "ನಂಗೆ ಸಂಕ್ಟ ಆಯ್ತದೆ ಕಣೆ. ಮಾಡಿದ್ದು ತಪ್ಪು ಅಂತ ಅಲ್ಲ. ಸಂಕ್ಟ ಆಯ್ತದೆ." ನಾನೂ ಅತ್ತೆ. ಎಲ್ಲ ಕಾನೂನಿನ ಮೇಲೂ ಸಿಟ್ಟು ಬಂತು, ಇಷ್ಟು ಸರಿಯಾದ ಒಂದು ಕೆಲಸಕ್ಕೆ ಇಷ್ಟು ನೋವು ಯಾಕಿರಬೇಕು ಅಂತ.

ಹಬ್ಬದ ದಿನ ಪೂಜೆ ಮುಗಿಸಿ ಅವ್ವ ಒಳ್ಳೆಯ ಸೀರೆ ಉಟ್ಟು ನಿಂತಿದ್ದಳು. "ನಡಿ" ಅಂದಳು. ಹುಣಸೂರಿನಲ್ಲಿ ಬಸ್ಸು ಬದಲಿಸಿ ಪಿರಿಯಾಪಟ್ಟಣದಲ್ಲಿ ಇಳಿದು, ಆಟೋದಲ್ಲಿ ತವರಿನ ಊರಿಗೆ ಹೋದೆವು. ಮಾವನ ಮನೆಗೆ ಹೋಗುವ ಬೀದಿ ಬಂತು. ಅವ್ವ ಅದನ್ನು ಬಿಟ್ಟು ನೇರ ಕೆರೆ ಏರಿಯ ಮೇಲೆ ನಡೆದಳು. ನಾಟಿ ಮುಗಿದ ಗದ್ದೆ, ನೀರು ನಿಂತಿತ್ತು. ತಾತನ ಸಮಾಧಿಯ ಪಕ್ಕದ ಬದುವಿನ ಮೇಲೆ ಚಪ್ಪಲಿ ಬಿಟ್ಟು ಕೂತಳು. ತಂದಿದ್ದ ಒಬ್ಬಟ್ಟಿನ ಗಂಟು ಬಿಚ್ಚಿದಳು.

ಯಾರೋ ಹೋಗಿ ಹೇಳಿರಬೇಕು. ಅರ್ಧ ಗಂಟೆಯಲ್ಲಿ ಮಾವ ಹಬ್ಬದ ಪಂಚೆಯಲ್ಲೇ ಬಂದ. ಬದುವಿನ ಆ ತುದಿಯಲ್ಲಿ ನಿಂತ. ನಾನು ಏಳಲು ಹೋದೆ, ಅವ್ವ ನನ್ನ ಮೊಣಕಾಲು ಒತ್ತಿ ಕೂರಿಸಿದಳು.

"ಯಾಕಕ್ಕ ಬಂದೆ?"

"ಅಬ್ಬ ಅಲ್ವಾ. ತವರಿಗೆ ಬಂದೆ."

"ಮನೆಗ್ ಬರ್ದೆ ಗದ್ದೆಗ್ ಬಂದು ಕೂತಿದ್ದೀಯಲ್ಲ. ನೋಡ್ದೋರು ಏನನ್ಕಂತಾರೆ?"

ಅವ್ವ ಒಂದು ಒಬ್ಬಟ್ಟನ್ನು ಎಲೆಗೆ ಹಾಕಿ ಅವನ ಕಡೆ ಚಾಚಿದಳು.

"ಮನೆಗೆ ನೀನು ಕರೀಬೇಕು ಕಣಪ್ಪ. ಇಲ್ಲಿಗೆ ನನ್ನ ಯಾರೂ ಕರೀಬೇಕಾಗಿಲ್ಲ."