ಎತ್ತರದ ಜೀಪು, ಅರ್ಧ ಚಹಾ

ನನ್ನ ಹಳೆಯ ಜೀಪಿಗೆ ಉದ್ದನೆಯ ಸ್ಪ್ರಿಂಗ್ ಹಾಕಿಸಿ ಎತ್ತರ ಮಾಡಿಸಿದ್ದು ಬರೀ ಒಣ ಜಂಬಕ್ಕೆ. ಅದನ್ನು ಹಾಕಿಕೊಟ್ಟ ಗಜೇಂದ್ರಗಡದ ಮಿಸ್ತ್ರಿ ಅಂದೇ ಹೇಳಿದ್ದರು: "ಗಾಡಿ ಏರಿಸಿದ್ರ ಸ್ಟೇರಿಂಗಿನ ಆರ್ಮ್ ಸೈತ ಬದಲಿ ಮಾಡಬೇಕ್ರಿ, ಅಣ್ಣಾರ."

"ಕೆಳಗಿಂದು ಯಾರು ನೋಡ್ತಾರ್ರಿ?" ಎಂದು ನಕ್ಕಿದ್ದೆ.

ಮುಶಿಗೇರಿ ದಾರಿಯ ತಗ್ಗುಗಳಲ್ಲಿ ಸ್ಟೇರಿಂಗ್ ತಾನಾಗಿ ಎಡಕ್ಕೆ ಎಳೆಯತೊಡಗಿದಾಗ, ಗ್ಯಾರೇಜಿಗೆ ಹೋಗಿ ಗಿರಾಕಿಗಳ ಎದುರೇ ಮಿಸ್ತ್ರಿಯ ಮೇಲೆ ಹರಿಹಾಯ್ದೆ: "ನಿಮಗ ಕೆಲಸಾನ ಬರಂಗಿಲ್ಲ!" ಅವರು ಕೈ ಒರೆಸಿಕೊಂಡು ಒಳಗೆ ಹೋದರು.

ನರಗುಂದದಲ್ಲಿ ಸ್ಟೇರಿಂಗ್ ಬಾಕ್ಸ್ ಬದಲಾಯಿತು, ರೋಣದಲ್ಲಿ ಟೈರು. ಎಳೆತ ಹೋಗಲಿಲ್ಲ. ನಾಚಿಕೆ ಬಿಟ್ಟು ಮಿಸ್ತ್ರಿಯ ಗ್ಯಾರೇಜಿಗೇ ಮರಳಿದೆ. ಅವರು ಜೀಪಿನ ಕೆಳಗೆ ಮಲಗಿ ಬೆರಳು ಮಾಡಿ ತೋರಿಸಿದರು: "ಗಾಡಿ ಮ್ಯಾಲೆ ಹೋತು, ಆರ್ಮಿನಿಂದ ಗಾಲಿಗೆ ಹೋಗೋ ಈ ರಾಡ್ ಇಳಿಜಾರಾತು. ತಗ್ಗಿಗೆ ಬಿದ್ದಾಗೊಮ್ಮೆ ಇದ ಗಾಲಿ ತಿರುಗಸ್ತದ." ಕೆಳಕ್ಕೆ ಬಾಗಿದ ಬೇರೆ ಆರ್ಮ್ ಕೂರಿಸಿ ರಾಡನ್ನು ಸಮಕ್ಕೆ ತಂದರು. ಜೀಪು ನೇರ ಓಡಿತು.

ಕೆಲಸ ಮುಗಿದ ಮೇಲೆ ಒಂದೇ ಚಹಾ ತರಿಸುವುದು ನಮ್ಮ ಎಷ್ಟೋ ವರ್ಷಗಳ ರೂಢಿ. ಕಪ್ಪಿನಲ್ಲಿ ಉಳಿದ ಅರ್ಧ ನನಗೆ, ಕೆಳಗಿನ ಬಶಿಗೆ ಸುರಿದ ಅರ್ಧ ಅವರಿಗೆ. ಅಂದೂ ಚಹಾ ಬಂತು. ನಾನು ಬಶಿಗೆ ಬಗ್ಗಿಸಹೋದೆ. ಅವರು ಆಗಲೇ ಇನ್ನೊಂದು ಗಾಡಿಯತ್ತ ಹೊರಟಿದ್ದರು.

"ಪೂರಾ ನೀವ ಕುಡೀರಿ, ಸಾಹೇಬ್ರ."